ನಂಬಿಕೆಯ ಸಮರ್ಥನೆಯನ್ನು ಬುಡದಿಂದ ಆರಂಭಿಸುವ ಬಗೆ

ಕ್ರೈಸ್ತ ನಂಬಿಕೆಯ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದಾಗ ನಮ್ಮಲ್ಲಿ ಹೆಚ್ಚಿನವರು ಕೂಡಲೇ ಪುರಾವೆಗಳನ್ನು ಒಂದೊಂದಾಗಿ ಮುಂದಿಡತೊಡಗುತ್ತೇವೆ. ಪೂರ್ವಗೃಹೀತಗಳಿಂದ, ಅಂದರೆ ಪ್ರಶ್ನಿಸದೆಯೇ ಮೊದಲೇ ಒಪ್ಪಿಕೊಂಡ ಮೂಲ ನಂಬಿಕೆಗಳಿಂದ, ಆರಂಭಿಸುವ ವಿಧಾನವು ಅದಕ್ಕೂ ಹಿಂದಿನ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತದೆ. ಯಾವುದನ್ನು ಪುರಾವೆಯೆಂದು ಒಪ್ಪಬೇಕು, ಯಾವುದನ್ನು ತಳ್ಳಿಹಾಕಬೇಕು ಎಂಬ ತೀರ್ಮಾನವನ್ನು ಮಾತು ಶುರುವಾಗುವ ಮೊದಲೇ ಇಬ್ಬರೂ ಮಾಡಿಕೊಂಡಿರುತ್ತಾರೆ. ಆದ್ದರಿಂದ ಚರ್ಚೆಯು ಆ ತೀರ್ಮಾನದ ಮೇಲೆಯೇ ನಡೆಯಬೇಕು ಎಂಬುದು ಅದರ ನಿಲುವು. 1929ರಿಂದ ಫಿಲಡೆಲ್ಫಿಯಾದ ವೆಸ್ಟ್‌ಮಿನ್‌ಸ್ಟರ್ ದೈವಶಾಸ್ತ್ರ ವಿದ್ಯಾಲಯದಲ್ಲಿ ಬೋಧಿಸಿದ ಕಾರ್ನೀಲಿಯಸ್ ವಾನ್ ಟಿಲ್ (1895–1987) ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಕೊಡಗಿನ ಸಭೆಗಳ ಯುವಜನರು ಇದನ್ನು ತಮ್ಮ ನೆರೆಹೊರೆಯಲ್ಲಿ ಬಳಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ ನಮ್ಮ ಒಳಗೇ ಆಗಬೇಕು. ಪೇತ್ರನ ಮೊದಲನೆಯ ಪತ್ರಿಕೆಯ 3:15ರಲ್ಲಿ ಉತ್ತರ ಹೇಳಲು ಸಿದ್ಧರಾಗಿರಬೇಕೆಂಬ ಮಾತಿಗಿಂತ ಮುಂಚೆ, ಕ್ರಿಸ್ತನನ್ನು ಹೃದಯದಲ್ಲಿ ಕರ್ತನೆಂದು ಪ್ರತಿಷ್ಠಾಪಿಸಬೇಕೆಂಬ ಮಾತು ಬರುತ್ತದೆ. ಅಂದರೆ, ವಾದದ ಸಲುವಾಗಿ ದೇವರು ಇಲ್ಲವೆಂದೇ ಇಟ್ಟುಕೊಂಡು ಹೊರಟು, ಕೊನೆಗೆ ಅವನನ್ನು ತಲುಪುತ್ತೇವೆ ಎಂಬ ನಟನೆ ನಮಗೆ ಬೇಡ. ಸತ್ಯವೇದವೇ ನಿಮ್ಮ ಕೊನೆಯ ಅಳತೆಗೋಲು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ.

ಆಮೇಲೆ ಎದುರಿನವರ ಮಾತನ್ನು ಪೂರ್ತಿಯಾಗಿ ಕೇಳಿ. ಇರುವುದು ಏನು, ಅದನ್ನು ತಿಳಿಯುವುದು ಹೇಗೆ, ಒಳ್ಳೆಯದು ಯಾವುದು ಎಂಬ ವಿಷಯಗಳಲ್ಲಿ ಅವರು ಏನನ್ನು ಪ್ರಶ್ನಿಸದೆಯೇ ನಂಬಿದ್ದಾರೆ ಎಂಬುದು ಅವರ ಮಾತಿನಲ್ಲೇ ಹೊರಬರುತ್ತದೆ. ಅದನ್ನು ಅವರು ಒಪ್ಪುವ ಹಾಗೆ ಮರಳಿ ಹೇಳಲು ನಿಮಗೆ ಸಾಧ್ಯವಾಗುವವರೆಗೆ ಉತ್ತರಿಸಬೇಡಿ.

ಉತ್ತರದ ಕ್ರಮವು ಜ್ಞಾನೋಕ್ತಿ 26:4–5ರಲ್ಲಿದೆ. ಮೂಢನ ಮೂಢತನಕ್ಕೆ ಸರಿಯಾಗಿ ಉತ್ತರ ಕೊಡಬೇಡ ಎಂದು ಒಂದು ವಚನವೂ, ಕೊಡು ಎಂದು ಮರುವಚನವೂ ಹೇಳುತ್ತವೆ. ವಾನ್ ಟಿಲ್‌ರ ವಿಧಾನವನ್ನು ಮುಂದುವರಿಸಿದ ಗ್ರೆಗ್ ಬಾನ್ಸನ್ (1948–1995) ಇವೆರಡನ್ನೂ ಎರಡು ಹೆಜ್ಜೆಗಳಾಗಿ ಕಲಿಸಿದರು: ನಮ್ಮ ನೆಲೆಯನ್ನು ಬಿಟ್ಟುಕೊಡದೆ ಅದರೊಳಗಿಂದ ಜಗತ್ತನ್ನು ವಿವರಿಸುವುದು ಒಂದು, ಎದುರಿನವರ ನೆಲೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಅದು ಎಲ್ಲಿಗೆ ಒಯ್ಯುತ್ತದೆ ಎಂದು ತೋರಿಸುವುದು ಇನ್ನೊಂದು.

ಇದನ್ನು ನಮ್ಮ ಕಾಫಿ ತೋಟದಲ್ಲೇ ನೋಡಬಹುದು. ಹೂಮಳೆ ಕೈಕೊಟ್ಟ ವರ್ಷ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿ ನೀರು ಹಾಯಿಸುತ್ತಾರೆ. ಹಿಂದಿನ ವರ್ಷಗಳಂತೆ ಈ ಸಲವೂ ಮೊಗ್ಗು ಅರಳುತ್ತದೆಂಬ ಭರವಸೆಯಿಂದಲೇ ಅಷ್ಟು ಡೀಸೆಲ್ ಖರ್ಚು ಮಾಡುತ್ತಾರೆ. ವಿಜ್ಞಾನ ಸಾಬೀತುಪಡಿಸಿದ್ದನ್ನು ಮಾತ್ರ ನಂಬುತ್ತೇನೆ ಎನ್ನುವ, ಮೈಸೂರಿನಲ್ಲೋ ಮಂಗಳೂರಿನಲ್ಲೋ ಓದಿ ಬಂದ ಗೆಳೆಯನನ್ನು ಕೇಳಿ: ನಾಳೆಯ ಪ್ರಕೃತಿ ನಿನ್ನೆಯ ಪ್ರಕೃತಿಯಂತೆಯೇ ನಡೆದುಕೊಳ್ಳಬೇಕೆಂದು ಯಾವ ಪ್ರಯೋಗ ತೋರಿಸಿದೆ? ಇದುವರೆಗೆ ಹಾಗೆಯೇ ನಡೆದಿದೆ ಎಂಬ ಉತ್ತರ ಸಾಲದು, ಏಕೆಂದರೆ ಪ್ರಶ್ನೆ ಇರುವುದೇ ಇದುವರೆಗಿನದನ್ನು ಮುಂದಿನದಕ್ಕೆ ಅನ್ವಯಿಸುವ ಹಕ್ಕಿನ ಬಗ್ಗೆ. 18ನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್, ತಾನು ಕ್ರೈಸ್ತ ಪಕ್ಷದವನಲ್ಲದಿದ್ದರೂ, ಈ ತೊಡಕನ್ನು ಬಿಡಿಸಿ ತೋರಿಸಿದ್ದನು. ಆಗ ನಿಮ್ಮ ನೆಲೆಯಿಂದ ಮಾತಾಡಿ: ಭೂಮಿಯಿರುವವರೆಗೆ ಬಿತ್ತನೆಯೂ ಕೊಯ್ಲೂ ನಿಲ್ಲವು ಎಂದು ಆದಿಕಾಂಡ 8:22ರಲ್ಲಿ ಮಾತು ಕೊಟ್ಟ ದೇವರು ಇದ್ದಾನಾದ್ದರಿಂದ ಈ ಭರವಸೆಗೆ ಆಧಾರವಿದೆ. ನಾಸ್ತಿಕನಿಗೆ ತೋಟ ಮಾಡಲು ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಅವನು ನಮಗಿಂತ ಚೆನ್ನಾಗಿಯೇ ಮಾಡಬಹುದು. ಆದರೆ ತಾನು ನಿರಾಕರಿಸುವ ದೇವರ ಜಗತ್ತಿನ ಮೇಲೆ ಭರವಸೆಯಿಟ್ಟೇ ಮಾಡುತ್ತಾನೆ ಎಂಬುದು ದೇವರ ಅರಿವಿದ್ದೂ ಮನುಷ್ಯರು ಆ ಸತ್ಯವನ್ನು ಅದುಮಿಡುತ್ತಾರೆ ಎನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನು ಆಧರಿಸಿದ ವಾನ್ ಟಿಲ್‌ರ ವಾದ.

ನೀವು ಸತ್ಯವೇದವನ್ನು ಸತ್ಯವೇದದಿಂದಲೇ ಸಮರ್ಥಿಸುತ್ತಿದ್ದೀರಿ ಎಂಬ ಆಕ್ಷೇಪ ಖಂಡಿತ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೂ ಹೌದು. ಅದನ್ನು ತಪ್ಪಿಸಿಕೊಳ್ಳಬೇಡಿ. ಬುದ್ಧಿಯೇ ಕೊನೆಯ ಪ್ರಮಾಣ ಎನ್ನುವವರು ಅದನ್ನು ಬುದ್ಧಿಯಿಂದಲೇ ಸಮರ್ಥಿಸಬೇಕಾಗುತ್ತದೆ. ಕೊನೆಯ ಪ್ರಮಾಣವೆಂದು ಹಿಡಿದ ಯಾವುದಕ್ಕೂ ಅದಕ್ಕಿಂತ ಮೇಲಿನ ಸಾಕ್ಷಿ ಇರುವುದಿಲ್ಲ. ಹಾಗಾಗಿ ಯಾರ ಪ್ರಮಾಣವು ತರ್ಕ, ವಿಜ್ಞಾನ, ನ್ಯಾಯಗಳಿಗೆ ಎಡೆ ಕೊಡುತ್ತದೆ ಎಂದು ಹೋಲಿಸಿ ನೋಡುವುದೇ ದಾರಿ. ಆದರೂ ಒಂದು ಮಾತು: ಇವಕ್ಕೆಲ್ಲ ಒಂದು ಆಧಾರ ಬೇಕು ಎಂಬಲ್ಲಿಂದ ಆ ಆಧಾರವು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರೇ ಎಂಬಲ್ಲಿಗೆ ಹಾರುವುದು ಈ ವಿಧಾನದವರು ಹೆಚ್ಚಾಗಿ ಅವಸರ ಮಾಡುವ ಜಾಗ. ಅಲ್ಲಿ ನಿಧಾನಿಸಿ ಸುವಾರ್ತೆಯನ್ನೂ ಯೇಸುವಿನ ಪುನರುತ್ಥಾನದ ಸಾಕ್ಷ್ಯವನ್ನೂ ವಿವರಿಸಲೇಬೇಕು. ಪುರಾವೆಗಳನ್ನು ಈ ವಿಧಾನ ಬಿಸಾಡುವುದಿಲ್ಲ.

ಆದರೆ ಕೊಡಗಿನಲ್ಲಿ ನಮಗೆ ಹೆಚ್ಚಾಗಿ ಎದುರಾಗುವವರು ನಾಸ್ತಿಕರಲ್ಲ. ಎಲ್ಲ ದಾರಿಗಳೂ ಒಂದೇ ಕಡೆಗೆ ಎನ್ನುವ ಹಿರಿಯರು. ಎಲ್ಲ ದಾರಿಗಳ ಕೊನೆಯನ್ನೂ ನೋಡಿದವರು ಮಾತ್ರ ಹಾಗೆ ಹೇಳಬಲ್ಲರಲ್ಲವೇ, ಮತ್ತು ಒಂದೇ ದಾರಿ ಎನ್ನುವವನನ್ನು ಆ ಮಾತು ತಪ್ಪೆಂದು ತೀರ್ಪು ಕೊಡುವುದಿಲ್ಲವೇ ಎಂದು ವಿನಯದಿಂದ ಕೇಳಬಹುದು. ಕೊಡವರ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಗುರು-ಕಾರಣರಿಗೆ, ಅಂದರೆ ಕುಲದ ಪೂರ್ವಜರಿಗೆ, ಸಲ್ಲಿಸುವ ಗೌರವವನ್ನು ಮಾತ್ರ ಎಂದೂ ಹಗುರವಾಗಿ ಕಾಣಬೇಡಿ. ತೀರಿಹೋದವರಿಗೂ ನಾವು ಋಣಿಗಳು ಎಂಬ ಆ ಅರಿವು ಬರೀ ವಸ್ತುವಿನಿಂದಾದ ಜಗತ್ತಿನಲ್ಲಿ ಹುಟ್ಟಲಾರದು. ಆ ಋಣ ಕೊನೆಗೆ ಯಾರಿಗೆ ಸಲ್ಲಬೇಕು ಎಂಬುದರಿಂದ ಮಾತು ಮುಂದುವರಿಸಿ. ಅಪೊಸ್ತಲರ ಕೃತ್ಯಗಳು 17ರಲ್ಲಿ ಪೌಲನು ಅಥೇನೆಯವರ ಬಲಿಪೀಠವನ್ನೂ ಅವರ ಕವಿಗಳನ್ನೂ ನೆನೆದು, ಅಲ್ಲಿಂದ ಸೃಷ್ಟಿಕರ್ತನ ಬಳಿಗೆ ಹೋದನು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಆಶ್ರಯ ಕೊಟ್ಟನು, ಸಂತ ಅನ್ನಮ್ಮ ಚರ್ಚ್‌ನ ಆರಂಭವೂ ಅಲ್ಲಿಯದೇ. ಇಂಥ ನೆರೆಯವರೊಡನೆ ಸೋಲಿಸುವ ಹಟದಿಂದ ಮಾತಾಡುವುದು ಕೃತಘ್ನತೆಯಾಗುತ್ತದೆ.

ಉತ್ತರ ತಿಳಿಯದ ಪ್ರಶ್ನೆ ಬಂದರೆ ತಿಳಿಯದು ಎಂದು ಹೇಳಿ, ಓದಿಕೊಂಡು ಮತ್ತೆ ಹೋಗಿ. ಚರ್ಚೆ ಬಿಸಿಯಾದರೆ ಅಲ್ಲಿಗೇ ಬಿಡಿ. ಎದುರಿನವರಿಗೆ ಮನಸ್ಸಿದ್ದರೆ ಮಾರ್ಕನ ಸುವಾರ್ತೆಯನ್ನು ಒಟ್ಟಿಗೆ ಕುಳಿತು ಓದಲು ಒಂದು ದಿನ ಗೊತ್ತುಮಾಡಿ, ಮತ್ತು ಆ ದಿನ ಮೊದಲು ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ.