ಮಾದರಿ ವಿಮಾನದ ಹಳೆಯ ಎಂಜಿನ್‌ಗಳು: ಆರಿಸುವ, ಶುಚಿಗೊಳಿಸುವ, ಓಡಿಸುವ ಕ್ರಮ

ಮಾದರಿ ವಿಮಾನಗಳ ಹಳೆಯ ಎಂಜಿನ್‌ಗಳಲ್ಲಿ, ಅದರಲ್ಲೂ 1 ರಿಂದ 6 ಸಿಸಿ ಗಾತ್ರದವುಗಳಲ್ಲಿ, ಪಿಸ್ಟನ್‌ಗೆ ಸಾಮಾನ್ಯವಾಗಿ ರಿಂಗ್ ಇರುವುದಿಲ್ಲ. ಬೀಡುಕಬ್ಬಿಣದ ಪಿಸ್ಟನ್ನನ್ನು ಉಕ್ಕಿನ ಲೈನರಿನೊಳಗೆ (ಸಿಲಿಂಡರಿನ ಒಳಕೊಳವೆ) ನುಣುಪಾದ ಅರೆಪುಡಿಯಿಂದ ಉಜ್ಜುತ್ತಾ, ಎರಡರ ನಡುವೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಸಂದು ಮಾತ್ರ ಉಳಿಯುವಂತೆ ಹೊಂದಿಸಿರುತ್ತಾರೆ. ಆ ಸಂದನ್ನು ತುಂಬಿ ಒತ್ತಡ ಸೋರದಂತೆ ತಡೆಯುವುದು ತೆಳುವಾದ ಎಣ್ಣೆಯ ಪದರವೊಂದೇ. ಹಳೆಯ ಎಂಜಿನ್ನಿನ ಬೆಲೆಯೂ ಬಾಳಿಕೆಯೂ ಈ ಹೊಂದಿಕೆಯಲ್ಲಿವೆ. ಕೊಳ್ಳುವಾಗ ಪರೀಕ್ಷಿಸಬೇಕಾದದ್ದು ಇದನ್ನೇ, ಶುಚಿ ಮಾಡುವಾಗ ಕೆಡದಂತೆ ಕಾಯಬೇಕಾದದ್ದೂ ಇದನ್ನೇ.

ಮೊದಲು, ಕೈಗೆ ಬಂದಿರುವ ಎಂಜಿನ್ ಯಾವ ಬಗೆಯದೆಂದು ಗುರುತಿಸಬೇಕು. ತೀರಾ ಹಳೆಯವು ಸ್ಪಾರ್ಕ್ ಪ್ಲಗ್ಗಿನ ಎಂಜಿನ್‌ಗಳು. ಅಮೆರಿಕದಲ್ಲಿ ಬಿಲ್ ಬ್ರೌನ್ ರೂಪಿಸಿದ ಸುಮಾರು 10 ಸಿಸಿಯ ಎಂಜಿನ್ನನ್ನು ಹೊತ್ತ ಮ್ಯಾಕ್ಸ್‌ವೆಲ್ ಬ್ಯಾಸೆಟ್‌ರ ವಿಮಾನಗಳು 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಎಳೆಯ ವಿಮಾನಗಳನ್ನು ಹಿಂದಿಕ್ಕಿದ ಮೇಲೆ ಈ ಹವ್ಯಾಸದ ದಿಕ್ಕೇ ಬದಲಾಯಿತು. ಬ್ರೌನ್ ಜೂನಿಯರ್, ಓಲ್ಸನ್ 60 ಮೊದಲಾದವು ಈ ಗುಂಪಿಗೆ ಸೇರುತ್ತವೆ. ಶಾಫ್ಟಿನ ಬುಡದಲ್ಲಿ ಕಿಡಿಯ ಸಮಯ ಹೊಂದಿಸುವ, ಚಿಕ್ಕ ಸನ್ನೆಯುಳ್ಳ ಟೈಮರ್ ಮತ್ತು ಅದರೊಳಗೆ ಪಾಯಿಂಟ್ಸ್ (ವಿದ್ಯುತ್ತನ್ನು ಕೂಡಿಸಿ ಕಡಿಯುವ ಲೋಹದ ತುದಿಗಳು) ಇದ್ದರೆ ಅದು ಸ್ಪಾರ್ಕ್ ಎಂಜಿನ್. ಎರಡನೆಯ ಬಗೆಯನ್ನು ರೂಢಿಯಲ್ಲಿ ಡೀಸೆಲ್ ಎನ್ನುತ್ತಾರೆ. ಇದಕ್ಕೆ ಪ್ಲಗ್ಗೇ ಇಲ್ಲ. ಈಥರ್ ಬೆರೆತ ಮಿಶ್ರಣವು ಒತ್ತಡದ ಬಿಸಿಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ತಲೆಯ ಮೇಲೆ, ಒಳಗಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಅಡ್ಡಕಡ್ಡಿಯೊಂದು ಇರುವುದೇ ಇದರ ಗುರುತು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಈ ಬಗೆ ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಬಹಳ ಹರಡಿತು. ಮಿಲ್ಸ್ 1.3, 1 ಸಿಸಿಯ ಇ.ಡಿ. ಬೀ, 2.5 ಸಿಸಿಯ ಆಲಿವರ್ ಟೈಗರ್ ಇವುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಮೂರನೆಯದು ಗ್ಲೋ ಪ್ಲಗ್ಗಿನ ಎಂಜಿನ್. ರೇ ಆರ್ಡೆನ್ 1947ರಲ್ಲಿ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಕೂಡಲೇ ಬ್ಯಾಟರಿ, ಕಾಯಿಲ್, ಕಂಡೆನ್ಸರ್‌ಗಳ ಭಾರವನ್ನು ವಿಮಾನ ಹೊರಬೇಕಾದ ಅಗತ್ಯ ತಪ್ಪಿತು. ಪ್ಲಗ್ಗಿನ ಪ್ಲಾಟಿನಂ ಮಿಶ್ರಲೋಹದ ಸುರುಳಿ ಮೆಥನಾಲ್ ಆವಿಯ ಸಂಪರ್ಕದಿಂದಲೇ ಕೆಂಪಗೆ ಉಳಿಯುವುದರಿಂದ, ಎಂಜಿನ್ ಓಡತೊಡಗಿದ ಮೇಲೆ ಬ್ಯಾಟರಿಯನ್ನು ಕಳಚಬಹುದು. ಫಾಕ್ಸ್ 35, 0.8 ಸಿಸಿಯ ಕಾಕ್ಸ್ ಬೇಬ್ ಬೀ, ಜಪಾನಿನ ಎನ್ಯಾ ಮತ್ತು ಓ.ಎಸ್. ಎಂಜಿನ್‌ಗಳು ಈ ಸಾಲಿನವು. ಹೊಸದಾಗಿ ಸಂಗ್ರಹಿಸಲು ತೊಡಗುವವರಿಗೆ ನನ್ನ ಸಲಹೆ ಇಷ್ಟೇ: ಬಿಡಿಭಾಗ ಸುಲಭವಾಗಿ ಸಿಗುವ ಸಾಮಾನ್ಯ ಗ್ಲೋ ಎಂಜಿನ್ ಒಂದನ್ನೂ 1 ರಿಂದ 1.5 ಸಿಸಿಯ ಡೀಸೆಲ್ ಒಂದನ್ನೂ ಮೊದಲು ಓಡಿಸಿ ಕಲಿಯಿರಿ. ಅಪರೂಪದವು ಆಮೇಲೆ ಬರಲಿ.

ಅಮೆರಿಕದ ಎಂಜಿನ್ನಿನ ಹೆಸರಿನಲ್ಲಿರುವ ಅಂಕಿ ಘನ ಅಂಗುಲದ ನೂರನೇ ಭಾಗವನ್ನು ಸೂಚಿಸುತ್ತದೆ. ಒಂದು ಘನ ಅಂಗುಲವೆಂದರೆ 16.4 ಸಿಸಿ; ಹಾಗಾಗಿ 35 ಎಂದರೆ ಸುಮಾರು 5.7 ಸಿಸಿ, 60 ಎಂದರೆ ಸುಮಾರು 9.8 ಸಿಸಿ.

ಕೊಳ್ಳುವ ಮುನ್ನ ಪರೀಕ್ಷೆ

ಪ್ರೊಪೆಲ್ಲರ್ ಹಾಕಿ, ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ. ಪಿಸ್ಟನ್ ಮೇಲಕ್ಕೆ ಬರುವಾಗ ಕೈಗೆ ಗಾಳಿಯ ದಿಂಬನ್ನು ಒತ್ತಿದಂಥ ತಡೆ ತಾಗಬೇಕು, ಬಿಟ್ಟರೆ ಪ್ರೊಪೆಲ್ಲರ್ ಹಿಂದಕ್ಕೆ ಪುಟಿಯಬೇಕು. ಬಹುಕಾಲ ಒಣಗಿ ಕೂತ ಎಂಜಿನ್‌ನಲ್ಲಿ ಈ ತಡೆ ಕಾಣದಿದ್ದರೆ ಒಮ್ಮೆಲೇ ನಿರಾಶರಾಗಬೇಕಿಲ್ಲ. ಎಕ್ಸಾಸ್ಟ್ ಕಿಂಡಿಯಿಂದ ತೆಳು ಎಣ್ಣೆಯ ಎರಡು ಹನಿ ಬಿಟ್ಟು ಮತ್ತೆ ನೋಡಬೇಕು. ಇದರ ವಿರುದ್ಧ ದಿಕ್ಕಿನ ಮೋಸವೂ ಇದೆ, ಅದು ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ಹರಳೆಣ್ಣೆ ಸುಟ್ಟು ಗಟ್ಟಿಯಾಗಿ ಗೋಡೆಗೆ ಮೆತ್ತಿಕೊಂಡಿದ್ದರೆ ಸವೆದ ಪಿಸ್ಟನ್ ಕೂಡ ಬಿಗಿಯಾಗಿರುವಂತೆ ತೋರುತ್ತದೆ. ಆದ್ದರಿಂದ ಅಂಟು ಹಿಡಿದ ಎಂಜಿನ್ನಿನ ಕಂಪ್ರೆಷನ್ (ಒಳಗಿನ ಈ ಒತ್ತಡ) ಎಷ್ಟೇ ಚೆನ್ನಾಗಿ ಕಂಡರೂ ಶುಚಿಯಾದ ಮೇಲಷ್ಟೇ ಅದನ್ನು ನಂಬಬೇಕು, ಬೆಲೆಯನ್ನೂ ಆ ಅನುಮಾನವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾತಾಡಬೇಕು.

ಅನಂತರ ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ಬೇರಿಂಗಿನ ಸವೆತವನ್ನು ಅಳೆಯಿರಿ. ಪಿಸ್ಟನ್ ತುತ್ತತುದಿಯಲ್ಲಿರುವಾಗ ಪ್ರೊಪೆಲ್ಲರನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಸಡಿಲ ಗೊತ್ತಾಗುತ್ತದೆ. ಮುರಿದ ತಂಪುರೆಕ್ಕೆಗಳು ನೋಟವನ್ನು ಕೆಡಿಸುತ್ತವೆಯೇ ಹೊರತು ಓಟವನ್ನಲ್ಲ, ಆದರೆ ಎಂಜಿನ್ನನ್ನು ಮರಕ್ಕೆ ಬಿಗಿಯುವ ಕಿವಿಯಲ್ಲಿ ಬಿರುಕಿದ್ದರೆ ಅದು ಓಡಿಸಲು ಯೋಗ್ಯವಲ್ಲ. ಸ್ಕ್ರೂಗಳ ತಲೆ ಸೀಳಿದ್ದರೆ ಯಾರೋ ಸರಿಯಾದ ಉಪಕರಣವಿಲ್ಲದೆ ಒಳಗೆ ಕೈಹಾಕಿದ್ದಾರೆಂದು ತಿಳಿಯಬೇಕು. ನೀಡಲ್ ವಾಲ್ವ್ (ಇಂಧನದ ಹರಿವನ್ನು ಹದಗೊಳಿಸುವ ಸೂಜಿ), ಟ್ಯಾಂಕ್, ಟೈಮರ್ ಮೂಲದವೇ ಎಂದು ಚಿತ್ರಗಳೊಂದಿಗೆ ಹೋಲಿಸಿ ನೋಡಿ. ಸಂಗ್ರಾಹಕರ ಕಣ್ಣಿನಲ್ಲಿ ಈ ಚಿಕ್ಕ ಭಾಗಗಳಿಗೇ ಹೆಚ್ಚು ಬೆಲೆ, ಏಕೆಂದರೆ ಮೊದಲು ಕಳೆದುಹೋಗುವವು ಅವೇ. ಹೆಸರಾಂತ ಹಳೆಯ ಎಂಜಿನ್‌ಗಳ ಪ್ರತಿಕೃತಿಗಳನ್ನೂ ಮುಂದೆ ತಯಾರಿಸಿದ್ದಾರೆ. ಅವು ಓಡಿಸಲು ಎಷ್ಟೋ ಸಲ ಮೂಲಕ್ಕಿಂತ ಉತ್ತಮ, ಆದರೆ ಮೂಲದ ಬೆಲೆ ಕೊಟ್ಟು ತರುವಂಥವಲ್ಲ.

ಅಂಟು ಬಿಡಿಸುವುದು

ತಿರುಗದ ಎಂಜಿನ್ನನ್ನು ಬಲದಿಂದ ತಿರುಗಿಸಲು ಹೋಗುವುದೇ ಅತಿ ದೊಡ್ಡ ತಪ್ಪು. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಒಣ ಅಂಟಿನ ಚೂರು ಲೈನರಿನ ಗೋಡೆಯನ್ನು ಗೀರುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಸಿಲಿಂಡರನ್ನು ಬರಿಗೈಯಲ್ಲಿ ಹಿಡಿಯಲಾಗದಷ್ಟು ಕಾಯಿಸಿ, ಕಿಂಡಿಗಳೊಳಗೆ ತೆಳು ಎಣ್ಣೆ ಬಿಟ್ಟು, ಪ್ರೊಪೆಲ್ಲರನ್ನು ಹಿಡಿದು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಾ ಹೋದರೆ ಹೆಚ್ಚಿನವು ಬಿಟ್ಟುಕೊಡುತ್ತವೆ. ಬಿಡದಿದ್ದರೆ ಒಂದು ರಾತ್ರಿ ಮೆಥಿಲೇಟೆಡ್ ಸ್ಪಿರಿಟ್‌ನಲ್ಲಿ ನೆನೆಹಾಕಿ ಮರುದಿನ ಮತ್ತೆ ಕಾಯಿಸಿ. ಇಕ್ಕಳವನ್ನು ಶಾಫ್ಟಿಗಾಗಲಿ ಸಿಲಿಂಡರಿಗಾಗಲಿ ತಾಗಿಸಲೇ ಬಾರದು. ಒಮ್ಮೆ ಬಿದ್ದ ಹಲ್ಲಿನ ಗುರುತು ಎಂದೂ ಮಾಸುವುದಿಲ್ಲ.

ಹೊರಮೈಯ ಕಂದು ಕರೆಗೆ ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ದ್ರವವೇ ಒಳ್ಳೆಯ ಮದ್ದು. ಅದರಲ್ಲಿ ಭಾಗಗಳನ್ನು ಮುಳುಗಿಸಿ, ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ ಹದವಾದ ಬಿಸಿಯಲ್ಲಿ ಹಲವು ಗಂಟೆ ಇಟ್ಟರೆ, ದಶಕಗಳಿಂದ ಸುಟ್ಟು ಕೂತ ಹರಳೆಣ್ಣೆ ಮೃದುವಾಗಿ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೇ ಬಿಡುತ್ತದೆ. ಈ ದ್ರವ ವಿಷ. ಕೆಲಸವನ್ನು ಮನೆಯ ಹೊರಗೆ ಮಾಡಬೇಕು, ಆ ಪಾತ್ರೆಯನ್ನು ಮತ್ತೆಂದೂ ಅಡುಗೆಗೆ ಬಳಸಬಾರದು, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಎಟುಕಬಾರದು. ಪ್ಲಾಸ್ಟಿಕ್ ಟ್ಯಾಂಕ್, ಗ್ಯಾಸ್ಕೆಟ್, ಬಣ್ಣ ಕೊಟ್ಟ ಭಾಗಗಳನ್ನು ಮೊದಲೇ ತೆಗೆದಿಡಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುವುದರಿಂದ ಅದರ ಹತ್ತಿರ ಸುಳಿಯಬೇಡಿ. ಮರಳುಕಾಗದವೂ ತಂತಿಯ ಬ್ರಷ್ಷೂ ಬೇಡ. ಬಿಸಿನೀರಿನಲ್ಲಿ ತೊಳೆದ ಮೇಲೆ ಒಂದು ಗಳಿಗೆಯೂ ತಡ ಮಾಡದೆ ಒಣಗಿಸಿ ಎಣ್ಣೆ ಸವರಬೇಕು, ಏಕೆಂದರೆ ಬರಿದಾದ ಉಕ್ಕಿಗೆ ನೋಡುನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಪೂರ್ತಿ ಬಿಚ್ಚುವುದು ಅಗತ್ಯವೇ ಎಂದು ಎರಡು ಸಲ ಯೋಚಿಸಿ. ಓಡಿ ಓಡಿ ಒಂದಕ್ಕೊಂದು ಒಗ್ಗಿಹೋದ ಭಾಗಗಳನ್ನು ಸರಿಸಿ ಮತ್ತೆ ಕೂರಿಸಿದರೆ ಹಳೆಯ ಹೊಂದಿಕೆ ಹಾಗೆಯೇ ಮರಳುತ್ತದೆಂಬ ಭರವಸೆ ಇಲ್ಲ. ಬಿಚ್ಚಲೇಬೇಕಾದರೆ ಪ್ರತಿ ಹೆಜ್ಜೆಗೂ ಚಿತ್ರ ತೆಗೆದು, ಪಿಸ್ಟನ್ ಯಾವ ಮುಖವಾಗಿತ್ತೆಂದು ಬರೆದಿಡಿ. ಪಿಸ್ಟನ್ನಿನ ತಲೆಯ ಮೇಲೆ ಒಡ್ಡಿನಂಥ ಏರು ಇದ್ದರೆ, ಅದರ ಕಡಿದಾದ ಮುಖ ಹೊಸ ಮಿಶ್ರಣ ಒಳಬರುವ ಕಡೆಗೆ ಇರಬೇಕು. ತಿರುವುಮುರುವಾದರೆ ಎಂಜಿನ್ ಸರಿಯಾಗಿ ಓಡದು.

ಇಂಧನ

ಹೊಸ ಎಂಜಿನ್‌ಗಳಿಗೆಂದು ಮಾರುವ ಸಿದ್ಧ ಇಂಧನದಲ್ಲಿ ಎಣ್ಣೆ ಕಡಿಮೆ, ಅದೂ ಹೆಚ್ಚಾಗಿ ಕೃತಕ ಎಣ್ಣೆ. ಹಳೆಯ ಕಬ್ಬಿಣದ ಪಿಸ್ಟನ್ನಿಗೂ ಗುಂಡುಗಳಿಲ್ಲದ ಸಾದಾ ಬುಶ್ ಬೇರಿಂಗಿಗೂ ಅದು ಸಾಲದು. ತೀವ್ರ ಬಿಸಿಯಲ್ಲೂ ಪದರ ಹರಿಯದೆ ನಿಲ್ಲುವ ಹರಳೆಣ್ಣೆಯೇ ಇವುಗಳಿಗೆ ತಕ್ಕದ್ದು. ಗ್ಲೋ ಎಂಜಿನ್ನಿಗೆ ಮೆಥನಾಲ್ ಜೊತೆ ಶೇ. 25ರ ಆಸುಪಾಸು ಹರಳೆಣ್ಣೆ, ಶೇ. 5ರೊಳಗೆ ನೈಟ್ರೋಮೀಥೇನ್ ಸಾಕು. ಕಾಕ್ಸ್‌ನಂಥ ಪುಟ್ಟ ಎಂಜಿನ್‌ಗಳು ಮಾತ್ರ ಶೇ. 15ಕ್ಕೂ ಹೆಚ್ಚು ನೈಟ್ರೋ ಬಯಸುತ್ತವೆ. ಡೀಸೆಲ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಸಮಪಾಲು. ಓಟ ನಯವಾಗಲು ಶೇ. 1.5 ರಿಂದ 2ರಷ್ಟು ಅಮೈಲ್ ನೈಟ್ರೇಟ್ ಸೇರಿಸುವುದುಂಟು. ಸ್ಪಾರ್ಕ್ ಎಂಜಿನ್ನಿಗೆ ಮೂರು ಪಾಲು ಪೆಟ್ರೋಲಿಗೆ ಒಂದು ಪಾಲು ದಪ್ಪ ಖನಿಜ ಎಣ್ಣೆ ಹಳೆಯ ಕಾಲದಿಂದ ನಡೆದುಬಂದ ಅಳತೆ. ಸಿಲಿಕೋನ್ ಕೊಳವೆ ಮೆಥನಾಲಿಗೆ ಒಗ್ಗುತ್ತದೆ, ಪೆಟ್ರೋಲು ಸೀಮೆಎಣ್ಣೆಗಳಲ್ಲಿ ಊದಿಕೊಳ್ಳುತ್ತದೆ. ಅವಕ್ಕೆ ನಿಯೋಪ್ರೀನ್ ಕೊಳವೆ ಬಳಸಿ.

ಈಥರಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಮೆಥನಾಲ್ ದೇಹಕ್ಕೆ ಸೇರಿದರೆ ದೃಷ್ಟಿಯನ್ನೇ ಕಸಿಯುತ್ತದೆ. ಬೆರೆಸುವ ಕೆಲಸ ಬಯಲಿನಲ್ಲೇ ಆಗಬೇಕು, ಕೈಗವಸು ತೊಟ್ಟೇ ಆಗಬೇಕು. ಬಹಳ ದಿನ ಗಾಳಿಗೆ ತೆರೆದುಕೊಂಡ ಈಥರಿನಲ್ಲಿ ಸ್ಫೋಟಕ ಪೆರಾಕ್ಸೈಡುಗಳು ಹುಟ್ಟುವುದರಿಂದ ಅದನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಕತ್ತಲು ತಂಪು ಜಾಗದಲ್ಲಿ, ಬೇಕಾದಷ್ಟು ಮಾತ್ರ ಇಟ್ಟುಕೊಳ್ಳಿ.

ಓಡಿಸುವುದು

ಎಂಜಿನ್ನನ್ನು ವೈಸಿನ ಬಾಯಿಗೆ ನೇರವಾಗಿ ಕಚ್ಚಿಸಿದರೆ ಕ್ರ್ಯಾಂಕ್‌ಕೇಸ್ ನಲುಗಿ, ಶಾಫ್ಟ್ ಹಿಡಿದುಕೊಳ್ಳುತ್ತದೆ. ಬೀಚ್‌ನಂಥ ಗಟ್ಟಿ ಮರದ ಎರಡು ತೊಲೆಗಳ ನಡುವೆ ಕೂರಿಸಿ, ನಾಲ್ಕೂ ಬೋಲ್ಟ್ ಬಿಗಿದು, ಆ ಚೌಕಟ್ಟನ್ನು ಮೇಜಿಗೆ ಭದ್ರಪಡಿಸಿ. ಟ್ಯಾಂಕಿನೊಳಗಿನ ಇಂಧನದ ಮಟ್ಟ ನೀಡಲ್ ವಾಲ್ವಿನ ಮಟ್ಟಕ್ಕಿಂತ ತುಸು ಕೆಳಗಿರಲಿ. 0.5 ಸಿಸಿಗೆ 6 ಅಂಗುಲ ಉದ್ದ 4 ಅಂಗುಲ ಪಿಚ್‌ನ (ಪಿಚ್ ಎಂದರೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ), 1.5 ಸಿಸಿ ಡೀಸೆಲ್‌ಗೆ 8 ಅಥವಾ 9 ಅಂಗುಲದ 4 ಪಿಚ್‌ನ, ಫಾಕ್ಸ್ 35ಕ್ಕೆ 10 ಅಂಗುಲದ 6 ಪಿಚ್‌ನ ಪ್ರೊಪೆಲ್ಲರ್ ಹೊಂದುತ್ತದೆ. ಬಿರುಕಿರುವ ಪ್ರೊಪೆಲ್ಲರನ್ನು ಮುರಿದೇ ಎಸೆಯಿರಿ, ಯಾರೂ ಮರಳಿ ಬಳಸದಂತೆ. ಕಂಪ್ರೆಷನ್ ಶುರುವಾಗುವಾಗ ಅಲಗು ಹೆಚ್ಚುಕಡಿಮೆ ಅಡ್ಡವಾಗಿ ನಿಲ್ಲುವಂತೆ ಬಿಗಿದರೆ ಬೆರಳು ಬೀಸಲು ಅನುಕೂಲ. ಕನ್ನಡಕ ಧರಿಸಿ; ಅಲಗಿನ ನೇರಕ್ಕೆ ಯಾರೂ ನಿಲ್ಲಬಾರದು. ಎಂಜಿನ್ ಓಡತೊಡಗಿದ ಮೇಲೆ ನೀಡಲನ್ನು ಹಿಂಬದಿಯಿಂದಲೇ ತಿರುಗಿಸಿ.

ಡೀಸೆಲ್ ಅನ್ನು ಕಲಿಯಲು ಸಮಯ ಬೇಕು, ಕಲಿತ ಮೇಲೆ ಅದರಷ್ಟು ನಂಬಿಕೆಯ ಎಂಜಿನ್ ಬೇರೊಂದಿಲ್ಲ. ಹಿಂದಿನವರು ಕಂಪ್ರೆಷನ್ ಎಲ್ಲಿ ಬಿಟ್ಟಿದ್ದರೆಂದು ತಿಳಿಯದಿದ್ದರೆ ಅಡ್ಡಕಡ್ಡಿಯನ್ನು ಅರ್ಧ ಸುತ್ತು ಸಡಿಲಿಸಿ ಆರಂಭಿಸಿ. ನೀಡಲನ್ನು ಎರಡು ಮೂರು ಸುತ್ತು ತೆರೆದು, ಗಾಳಿಯ ಬಾಯಿಗೆ ಬೆರಳಿಟ್ಟು ಎರಡು ಸಲ ತಿರುಗಿಸಿ, ಇಂಧನ ಕೊಳವೆಯಲ್ಲಿ ಏರಿದ್ದನ್ನು ಕಣ್ಣಾರೆ ನೋಡಿ. ಎಕ್ಸಾಸ್ಟ್ ಕಿಂಡಿಯೊಳಗೆ ಒಂದು ಹನಿ ಇಂಧನ ಬಿಟ್ಟು ಅಲಗನ್ನು ಚುರುಕಾಗಿ ಬೀಸಿ. ಏನೂ ಸದ್ದಿಲ್ಲದಿದ್ದರೆ ಕಡ್ಡಿಯನ್ನು ಎಂಟನೇ ಒಂದು ಸುತ್ತು ಬಿಗಿಗೊಳಿಸಿ ಮತ್ತೆ ಬೀಸಿ. ಹೀಗೆ ಮುಂದುವರಿದರೆ ಒಂದು ಹಂತದಲ್ಲಿ ಪಟ್ಟೆಂದು ಹೊತ್ತಿಕೊಳ್ಳುತ್ತದೆ. ಅಲಗು ಬೆರಳಿಗೆ ಜೋರಾಗಿ ತಿರುಗೇಟು ಕೊಟ್ಟರೆ ಕಂಪ್ರೆಷನ್ ಹೆಚ್ಚಾಗಿದೆ, ಇಲ್ಲವೇ ಒಳಗೆ ಇಂಧನ ತುಂಬಿದೆ. ತಿರುಗಿಸುವಾಗ ಕಲ್ಲಿಗೆ ತಾಗಿದಂತೆ ನಿಂತುಬಿಟ್ಟರೆ ಖಂಡಿತ ಇಂಧನ ತುಂಬಿದೆಯೆಂದೇ ಅರ್ಥ. ದ್ರವ ಕುಗ್ಗುವುದಿಲ್ಲ, ಆಗ ಒಂದು ಸಲ ಬಲವಂತ ಮಾಡಿದರೂ ರಾಡ್ ಬಾಗಬಹುದು. ಕಡ್ಡಿಯನ್ನು ಸಡಿಲಿಸಿ, ಎಂಜಿನ್ನನ್ನು ಮಗುಚಿ, ಇಂಧನ ಇಳಿಸಿ, ಮತ್ತೆ ಮೊದಲಿನಿಂದ ತೊಡಗಿ.

ಓಡತೊಡಗಿ ಅರ್ಧ ನಿಮಿಷದೊಳಗೆ ಎಂಜಿನ್ ಬಿಸಿಯೇರಿ, ಮೊದಲಿನಷ್ಟು ಕಂಪ್ರೆಷನ್ ಬೇಡವಾಗುತ್ತದೆ. ವೇಗ ಕುಗ್ಗುತ್ತಾ, ಸದ್ದು ಗಡುಸಾಗುತ್ತಾ, ಹೊರಬರುವ ಎಣ್ಣೆ ಕಪ್ಪಾಗುತ್ತಾ ಹೋದರೆ ಕಡ್ಡಿಯನ್ನು ತುಸು ಸಡಿಲಿಸಬೇಕು. ನಡುನಡುವೆ ತಪ್ಪಿ ತಪ್ಪಿ ಹೊಡೆದುಕೊಂಡರೆ ತುಸು ಬಿಗಿಗೊಳಿಸಬೇಕು. ಕಡ್ಡಿ, ನೀಡಲ್ ಎರಡನ್ನೂ ಒಟ್ಟಿಗೆ ತಿರುಗಿಸಬೇಡಿ. ಒಂದನ್ನು ಬದಲಿಸಿ, ಹತ್ತು ಎಣಿಸುವಷ್ಟು ಹೊತ್ತು ಆಲಿಸಿ, ಆಮೇಲೆ ಇನ್ನೊಂದು. ಸಡಿಲಿಸಿದರೂ ಕಾಂಟ್ರಾ ಪಿಸ್ಟನ್ (ಸಿಲಿಂಡರಿನ ಮೇಲ್ತುದಿಯಲ್ಲಿದ್ದು ಕಡ್ಡಿ ಒತ್ತುವ ಚಿಕ್ಕ ಪಿಸ್ಟನ್) ಮೇಲೇರದೆ ಅಂಟಿಕೊಂಡಿದ್ದರೆ, ಎಂಜಿನ್ನನ್ನು ಕಾಯಿಸಿ ಕೈಯಿಂದ ತಿರುಗಿಸಿದಾಗ ಒಳಗಿನ ಒತ್ತಡವೇ ಅದನ್ನು ಮೇಲಕ್ಕೆ ತಳ್ಳುತ್ತದೆ.

ಗ್ಲೋ ಎಂಜಿನ್ ಇದಕ್ಕಿಂತ ಸರಳ. ಹಳೆಯ 1.5 ವೋಲ್ಟ್ ಪ್ಲಗ್ಗಿಗೆ 2 ವೋಲ್ಟಿನ ಬ್ಯಾಟರಿ ತಾಗಿಸಿದರೆ ಸುರುಳಿ ಸುಟ್ಟುಹೋಗುತ್ತದೆ, ಅಷ್ಟನ್ನು ನೆನಪಿಡಿ. ನೀಡಲನ್ನು ತೆರೆದೇ ಆರಂಭಿಸಿ. ಒಂದು ಬಿಟ್ಟು ಒಂದು ಸುತ್ತಿಗೆ ಹೊತ್ತಿದಂಥ ಮಂದ್ರ ಸದ್ದಿನಲ್ಲಿ ಕೆಲವು ನಿಮಿಷ ಓಡಿಸಿ, ಬಳಿಕ ಮೆಲ್ಲಮೆಲ್ಲನೆ ಮುಚ್ಚುತ್ತಾ ಬನ್ನಿ. ಗರಿಷ್ಠ ವೇಗ ತಲುಪಿದ ಕೂಡಲೇ ಒಂದಿಷ್ಟು ಹಿಂದಕ್ಕೆ ತೆರೆಯಿರಿ.

ಸ್ಪಾರ್ಕ್ ಎಂಜಿನ್ನಿನಲ್ಲಿ ತೊಂದರೆ ಬರುವುದು ಬಹುತೇಕ ವಿದ್ಯುತ್ತಿನ ಕಡೆಯಿಂದಲೇ. ಪಾಯಿಂಟ್ಸ್‌ಗಳ ಅಂತರವನ್ನು 0.25 ರಿಂದ 0.3 ಮಿ.ಮೀ.ಗೆ ಇಟ್ಟು, ಮುಖಗಳನ್ನು ಒರೆಸಿ, ಪ್ಲಗ್ಗನ್ನು ಹೊರತೆಗೆದು ಕಿಡಿ ನೀಲಿಯಾಗಿ ಹಾರುವುದನ್ನು ಖಚಿತಪಡಿಸಿಕೊಳ್ಳಿ. ಹತ್ತಿರ ಇಂಧನ ಇರಬಾರದು. ಟೈಮರಿನ ಸನ್ನೆಯನ್ನು ಕಿಡಿ ತಡವಾಗುವ ಕಡೆಗೆ ಸರಿಸಿ ಆರಂಭಿಸಿ, ಓಟ ಹಿಡಿದ ಮೇಲೆ ಮುಂಚಿತಗೊಳಿಸಿ. ಎಂಜಿನ್ ನಿಂತಾಗ ಪಾಯಿಂಟ್ಸ್ ಮುಚ್ಚಿಕೊಂಡಿದ್ದರೆ ಕಾಯಿಲ್‌ನಲ್ಲಿ ವಿದ್ಯುತ್ ಹರಿಯುತ್ತಲೇ ಇದ್ದು ಅದು ಕಾದು ಸುಡುತ್ತದೆ, ಆದ್ದರಿಂದ ಸ್ವಿಚ್ ಆರಿಸುವುದು ರೂಢಿಯಾಗಬೇಕು.

ದಿನದ ಕೊನೆಯ ಓಟವನ್ನು ಇಂಧನದ ಕೊಳವೆ ಕಿವುಚಿ ನಿಲ್ಲಿಸಿ, ಒಳಗೆ ಉಳಿದದ್ದು ಉರಿದು ಮುಗಿಯಲಿ. ಮೆಥನಾಲ್ ತೇವವನ್ನು ಹೀರುತ್ತದೆ, ನೈಟ್ರೋ ಉರಿದು ಆಮ್ಲದ ಶೇಷ ಉಳಿಸುತ್ತದೆ. ಎರಡೂ ಸೇರಿ ಶಾಫ್ಟಿಗೂ ಬಾಲ್ ಬೇರಿಂಗಿಗೂ ತುಕ್ಕು ತರುತ್ತವೆ. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಗಾಳಿಯ ಬಾಯಿಗೂ ಎಕ್ಸಾಸ್ಟ್ ಕಿಂಡಿಗೂ ಕೆಲವು ಹನಿ ತೆಳು ಖನಿಜ ಎಣ್ಣೆ ಬಿಟ್ಟು ಹತ್ತಾರು ಸುತ್ತು ತಿರುಗಿಸಿ. ದೀರ್ಘಕಾಲ ಇಡುವಾಗ ಹರಳೆಣ್ಣೆ ಬೇಡ, ಅದೇ ಮತ್ತೆ ಅಂಟಾಗುತ್ತದೆ. ಡೀಸೆಲ್ ಆದರೆ ಕಂಪ್ರೆಷನ್ ಕಡ್ಡಿಯನ್ನು ಅರ್ಧ ಸುತ್ತು ಸಡಿಲಿಸಿ, ಓಡಿದಾಗ ಅದೂ ನೀಡಲ್ಲೂ ಎಷ್ಟರಲ್ಲಿದ್ದವೆಂದು ಚೀಟಿಯಲ್ಲಿ ಬರೆದು, ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ, ಚೀಟಿಯೊಂದಿಗೇ ಪೆಟ್ಟಿಗೆಯಲ್ಲಿಡಿ.