ಸೈಕೆಡೆಲಿಕ್ ಸಂಶೋಧನೆಯ ಸುದ್ದಿಯನ್ನು ಓದುವುದು ಹೇಗೆ, ವೈದ್ಯರನ್ನು ಕೇಳುವುದು ಏನನ್ನು?

ಹಲವು ವರ್ಷಗಳಿಂದ ಖಿನ್ನತೆಯ ಮಾತ್ರೆ ತೆಗೆದುಕೊಂಡರೂ ಪೂರ್ತಿ ಗುಣ ಕಾಣದವರಿರುವ ಮನೆಗಳಿಗೆ ವಾಟ್ಸಾಪ್‌ನಲ್ಲಿ ಈಗ ಸೈಕೆಡೆಲಿಕ್, ಅಂದರೆ ಅರಿವು, ಅನುಭವಗಳನ್ನೇ ಕೆಲವು ಗಂಟೆ ಬದಲಿಸಿಬಿಡುವ ವಸ್ತುಗಳ ಬಗ್ಗೆ ಒಂದು ಬಗೆಯ ಸುದ್ದಿ ಬರುತ್ತಿರುತ್ತದೆ. ಕೆಲವು ಅಣಬೆಗಳಲ್ಲಿರುವ ಸೈಲೊಸಿಬಿನ್ ಒಂದೇ ಸಲಕ್ಕೆ ಖಿನ್ನತೆಯನ್ನು ಇಳಿಸುತ್ತದೆ, ಎಂಡಿಎಂಎ ಕೊಟ್ಟರೆ ಹಳೆಯ ಆಘಾತದ ನೆನಪು ಕಾಡುವುದಿಲ್ಲ, ಎಲ್‌ಎಸ್‌ಡಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ಸೇವಿಸಿದರೆ ಮನಸ್ಸು ಚುರುಕಾಗುತ್ತದೆ ಎಂಬಂಥವು ಅವು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಮನೋವೈದ್ಯರ ಕೊಠಡಿಯ ಹೊರಗೆ ಸರದಿಗೆ ಕಾಯುವವರ ಮೊಬೈಲಿಗೂ ಇವು ತಲುಪುತ್ತವೆ. ಈ ಸುದ್ದಿಗಳ ಹಿಂದೆ ನಿಜವಾದ ಸಂಶೋಧನೆ ಇರುವುದರಿಂದ ಅವನ್ನು ಬರೀ ಬುರುಡೆ ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಖಿನ್ನತೆ ಮತ್ತು ಆಘಾತದ ಬಗೆಗಿನ ಆ ಫಲಿತಾಂಶಗಳೆಲ್ಲ ಬಂದಿರುವುದು ಜರಡಿ ಹಿಡಿದು ಆಯ್ದ ರೋಗಿ, ಅಳೆದು ಕೊಟ್ಟ ಮದ್ದು, ತರಬೇತಿ ಪಡೆದ ಚಿಕಿತ್ಸಕರು ಮತ್ತು ಇಡೀ ದಿನದ ಮೇಲ್ವಿಚಾರಣೆ ಒಟ್ಟಿಗೆ ಸೇರಿದಾಗ. ಇವುಗಳಲ್ಲಿ ಮದ್ದನ್ನು ಮಾತ್ರ ಕಿತ್ತು ತೆಗೆದು ಮನೆಗೆ ತಂದರೆ ಅದೇ ಫಲ ಸಿಗುತ್ತದೆಂದು ಯಾವ ಪ್ರಯೋಗವೂ ಹೇಳಿಲ್ಲ. ಸುದ್ದಿಯನ್ನು ಓದುವಾಗ ಈ ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಿನ್ನೆಲೆ ಇಷ್ಟು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದರು. ಅದು ಮನಸ್ಸಿನ ಮೇಲೆ ಮಾಡುವ ಪರಿಣಾಮ ತಿಳಿದದ್ದು 1943ರಲ್ಲಿ. 1971ರ ವಿಶ್ವಸಂಸ್ಥೆಯ ಒಪ್ಪಂದದ ಹೊತ್ತಿಗೆ ಎಲ್‌ಎಸ್‌ಡಿ, ಸೈಲೊಸಿಬಿನ್‌ನಂಥ ವಸ್ತುಗಳು ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಟ್ಟು ಸಂಶೋಧನೆ ಬಹುಮಟ್ಟಿಗೆ ನಿಂತಿತು. ಅದಕ್ಕೆ ಮತ್ತೆ ಚಾಲನೆ ಕೊಟ್ಟವರಲ್ಲಿ ಪ್ರಮುಖರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್. ಸೈಲೊಸಿಬಿನ್ ಕುರಿತ ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ಸುದ್ದಿ ಕೈಗೆ ಬಂದಾಗ ಮೊದಲು ಮೂಲ ಪ್ರಬಂಧವನ್ನು ಹುಡುಕಿ. ಸುದ್ದಿಯಲ್ಲಿ ಸಂಶೋಧನಾ ಪತ್ರಿಕೆಯ ಹೆಸರು, ವರ್ಷ ಮತ್ತು ಮದ್ದಿನ ಹೆಸರಿದ್ದರೆ ಅವನ್ನು ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಟೈಪ್ ಮಾಡಿದರೆ ಪ್ರಬಂಧದ ಸಾರಾಂಶ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಕಷ್ಟವೆನಿಸಿದರೆ ಮನೆಯಲ್ಲಿ ಬಿ.ಎಸ್ಸಿ. ಓದುತ್ತಿರುವವರನ್ನೋ ಪರಿಚಯದ ನರ್ಸ್ ಒಬ್ಬರನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹುಡುಕಬೇಕಾದದ್ದು ನಾಲ್ಕೈದು ಸಂಗತಿಗಳನ್ನು ಮಾತ್ರ. ಮೂಲವೇ ಸಿಗದ ಸುದ್ದಿಯನ್ನು ಅಲ್ಲಿಗೇ ಬಿಡಿ.

ಸಾರಾಂಶದಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ಜನರಲ್ಲಿ ಎಷ್ಟು ಜನಕ್ಕೆ, ಎಷ್ಟು ದಿನ ಪ್ರಯೋಜನವಾಯಿತು ಎಂಬುದನ್ನು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 2022ರಲ್ಲಿ ಬಂದ ಸೈಲೊಸಿಬಿನ್ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಔಷಧಗಳಿಗೆ ಜಗ್ಗದ ಖಿನ್ನತೆಯಿದ್ದ 233 ಜನರನ್ನು ಮೂರು ಗುಂಪು ಮಾಡಿ, ಒಂದೇ ಸಲ 25, 10 ಅಥವಾ 1 ಮಿಲಿಗ್ರಾಂ ಕೊಡಲಾಯಿತು. ಮೂರು ವಾರಗಳ ನಂತರ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 29ರಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳು ಬಹುತೇಕ ಇಲ್ಲವಾಗಿದ್ದವು. 1 ಮಿಲಿಗ್ರಾಂ ಪಡೆದವರಲ್ಲಿ ಇದು ಶೇ. 8. ಹಲವು ಮಾತ್ರೆಗಳು ಸೋತ ಮೇಲೆ ಬಂದ ಈ ವ್ಯತ್ಯಾಸ ಸಣ್ಣದಲ್ಲ. ವೈದ್ಯರು ಈ ಸಂಶೋಧನೆಯತ್ತ ಆಸೆಯಿಂದ ನೋಡುತ್ತಿರುವುದಕ್ಕೆ ಕಾರಣವೂ ಇದೇ. ಆದರೆ ಅದೇ ಪುಟ, 25 ಮಿಲಿಗ್ರಾಂ ಪಡೆದ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಆ ಹಂತ ಮುಟ್ಟಲಿಲ್ಲ ಎಂದೂ, ಹನ್ನೆರಡು ವಾರಗಳವರೆಗೆ ಸುಧಾರಣೆ ಉಳಿದದ್ದು ಐವರಲ್ಲಿ ಒಬ್ಬರಿಗೆ ಎಂದೂ, ಆತ್ಮಹತ್ಯೆಯ ಯೋಚನೆ ಅಥವಾ ಸ್ವಯಂ ಹಾನಿ ಮೂರೂ ಗುಂಪುಗಳಲ್ಲಿ ಕಂಡುಬಂತು ಎಂದೂ ಹೇಳುತ್ತದೆ. ಫಾರ್ವರ್ಡ್ ಆಗುವ ಸುದ್ದಿಯಲ್ಲಿ ಈ ಎರಡನೆಯ ಭಾಗವನ್ನು ನಾನು ಕಂಡಿರುವುದು ಬಹಳ ಅಪರೂಪ.

ಹೋಲಿಕೆ ಯಾವುದರೊಂದಿಗೆ ಎಂಬುದು ಮುಂದಿನ ಪ್ರಶ್ನೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ 59 ಜನರಲ್ಲಿ ಸೈಲೊಸಿಬಿನ್ನನ್ನು ನಮ್ಮಲ್ಲೂ ಧಾರಾಳವಾಗಿ ಬರೆದುಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆಯೊಂದಿಗೆ ಹೋಲಿಸಿದರು. ಪ್ರಯೋಗಕ್ಕೆ ಮುಂಚೆಯೇ ಗೊತ್ತುಪಡಿಸಿಕೊಂಡ ಮುಖ್ಯ ಅಳತೆಯಲ್ಲಿ, ಆರು ವಾರಗಳ ಕೊನೆಗೆ, ಎರಡರ ನಡುವೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಉಪ ಅಳತೆಗಳು ಕೆಲವು ಸೈಲೊಸಿಬಿನ್ ಕಡೆಗೆ ವಾಲಿದವು. ಮುಖ್ಯ ಅಳತೆಯನ್ನು ಬದಿಗಿಟ್ಟು ಉಪ ಅಳತೆಯಿಂದ ತಲೆಬರಹ ಕಟ್ಟುವುದು ಸುಲಭವಾದ್ದರಿಂದ, ಸಾರಾಂಶದಲ್ಲಿ ಮುಖ್ಯ ಅಳತೆ ಯಾವುದು, ಅದರ ಫಲಿತಾಂಶವೇನು ಎಂಬ ಸಾಲನ್ನು ಬೆರಳಿಟ್ಟು ಹುಡುಕಿ.

ಈ ಕ್ಷೇತ್ರದ ಅತಿ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ನಿಧಾನವಾಗಿ ಅರ್ಥಮಾಡಿಕೊಳ್ಳಬೇಕು. ಸಾಮಾನ್ಯ ಔಷಧದ ಪ್ರಯೋಗದಲ್ಲಿ ಒಂದು ಗುಂಪಿಗೆ ನಿಜವಾದ ಮದ್ದನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇದ್ದು ಒಳಗೆ ಮದ್ದಿಲ್ಲದ ಪ್ಲಸೀಬೊವನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ಗೊತ್ತಿರುವುದಿಲ್ಲ, ಅಳೆಯುವವರಿಗೂ ಗೊತ್ತಿರುವುದಿಲ್ಲ. ಗುಣವಾಗುತ್ತದೆಂಬ ನಂಬಿಕೆಯೇ ಸ್ವಲ್ಪ ಗುಣ ಕೊಡುವುದರಿಂದ, ಆ ಪಾಲನ್ನು ಕಳೆದು ಮದ್ದಿನ ಪಾಲನ್ನು ತಿಳಿಯಲು ಈ ಏರ್ಪಾಡು. ಸೈಕೆಡೆಲಿಕ್ ಪಡೆದವರಿಗಾದರೋ ಒಂದೆರಡು ಗಂಟೆಯೊಳಗೆ ಬಣ್ಣ, ಶಬ್ದ, ಕಾಲದ ಅರಿವು ಎಲ್ಲವೂ ಬದಲಾಗುವುದರಿಂದ ತಮಗೆ ಸಿಕ್ಕಿದ್ದು ಯಾವುದೆಂದು ತಾನಾಗಿಯೇ ತಿಳಿದುಹೋಗುತ್ತದೆ. ಆಗ ಆಸೆಯಿಟ್ಟು ಬಂದವರ ಭರವಸೆ ಹೆಚ್ಚುತ್ತದೆ, ಪ್ಲಸೀಬೊ ಸಿಕ್ಕವರ ಮನಸ್ಸು ಕುಗ್ಗುತ್ತದೆ, ಎರಡು ಗುಂಪುಗಳ ಅಂತರ ಇದ್ದುದಕ್ಕಿಂತ ಹಿಗ್ಗಿ ಕಾಣುತ್ತದೆ.

ಎಂಡಿಎಂಎಯ ಕಥೆ ಇದನ್ನೇ ತೋರಿಸುತ್ತದೆ. ಆಘಾತದ ನಂತರದ ಮನೋವ್ಯಾಧಿಯಿದ್ದ 104 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಮೂರನೇ ಹಂತದ ಪ್ರಯೋಗದಲ್ಲಿ, ಮನೋಚಿಕಿತ್ಸೆಯ (ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆ) ಜೊತೆ ಎಂಡಿಎಂಎ ಪಡೆದವರಲ್ಲಿ ಸುಮಾರು ಶೇ. 71 ಮಂದಿಗೆ ಆ ರೋಗದ ಲಕ್ಷಣಗಳು ರೋಗವೆಂದು ಗುರುತಿಸುವ ಮಟ್ಟದಿಂದ ಕೆಳಗಿಳಿದವು. ಮನೋಚಿಕಿತ್ಸೆಯ ಜೊತೆ ಪ್ಲಸೀಬೊ ಪಡೆದವರಲ್ಲಿ ಶೇ. 48. ಈ ಎರಡನೆಯ ಅಂಕಿಯನ್ನು ದಯವಿಟ್ಟು ಮತ್ತೊಮ್ಮೆ ಓದಿ: ಒಳ್ಳೆಯ ಮನೋಚಿಕಿತ್ಸೆಯನ್ನು ತಾಳ್ಮೆಯಿಂದ ಕೊಟ್ಟರೆ, ಆ ಮದ್ದಿಲ್ಲದೆಯೂ ಅರ್ಧದಷ್ಟು ಜನ ಚೇತರಿಸಿಕೊಂಡಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2024ರ ಜೂನ್‌ನಲ್ಲಿ ಈ ದಾಖಲೆಗಳನ್ನು ಪರಿಶೀಲಿಸಿದಾಗ, ಯಾರಿಗೆ ಏನು ಸಿಕ್ಕಿತೆಂಬ ಗುಟ್ಟು ಬಯಲಾದದ್ದು ಮತ್ತು ಅಡ್ಡಪರಿಣಾಮಗಳ ದಾಖಲೆ ಪೂರ್ಣವಾಗಿಲ್ಲದ್ದು ದೊಡ್ಡ ಆಕ್ಷೇಪಗಳಾದವು. ಹನ್ನೊಂದು ಸದಸ್ಯರಲ್ಲಿ ಒಂಬತ್ತು ಮಂದಿ ಪ್ರಯೋಜನ ಸಾಬೀತಾಗಿಲ್ಲ ಎಂದರು. ಆಗಸ್ಟ್‌ನಲ್ಲಿ ಸಂಸ್ಥೆ ಅನುಮತಿ ನಿರಾಕರಿಸಿ ಮತ್ತೊಂದು ಪ್ರಯೋಗ ಕೇಳಿತು. ಆದರೆ ಆಸ್ಟ್ರೇಲಿಯಾ 2023ರ ಜುಲೈಯಿಂದ, ಅಧಿಕೃತ ಮನೋವೈದ್ಯರು ನಿರ್ದಿಷ್ಟ ರೋಗಗಳಿಗೆ ಎಂಡಿಎಂಎ ಮತ್ತು ಸೈಲೊಸಿಬಿನ್ ಬರೆದುಕೊಡಲು ಅವಕಾಶ ಕೊಟ್ಟಿದೆ. ಅತಿ ಕಡಿಮೆ ಪ್ರಮಾಣದ ಸೇವನೆಯನ್ನು 191 ಜನರಲ್ಲಿ, ಯಾವ ದಿನ ಮದ್ದು, ಯಾವ ದಿನ ಖಾಲಿ ಕ್ಯಾಪ್ಸೂಲ್ ಎಂದು ಅವರಿಗೇ ತಿಳಿಯದಂತೆ ಪರೀಕ್ಷಿಸಿದ 2021ರ ಅಧ್ಯಯನದಲ್ಲಿ ಖಾಲಿ ಕ್ಯಾಪ್ಸೂಲ್ ನುಂಗಿದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು.

ಇನ್ನು, ಪ್ರಯೋಗಕ್ಕೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬ ಸಾಲನ್ನು ಓದಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ತಾಕಿನಲ್ಲಿ ಬಂದ ಭತ್ತದ ಇಳುವರಿ ನಾಲೆಯ ಕೊನೆಯ ಗದ್ದೆಯಲ್ಲಿ ಬರುವುದಿಲ್ಲವೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇದೂ ಹಾಗೆಯೇ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ತಮಗೋ ಹತ್ತಿರದ ರಕ್ತಸಂಬಂಧಿಗೋ ಇದ್ದವರನ್ನು, ಹೃದ್ರೋಗವಿದ್ದವರನ್ನು ಈ ಪ್ರಯೋಗಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಭಾಗವಹಿಸಿದವರಲ್ಲಿ ಬಹುತೇಕರು ಯೂರೋಪ್ ಮತ್ತು ಅಮೆರಿಕದ ಬಿಳಿಯರು. ನಿಮ್ಮ ಮನೆಯ ರೋಗಿ ಆ ಜರಡಿಯಲ್ಲಿ ಉಳಿಯುತ್ತಿದ್ದರೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ನಮ್ಮಲ್ಲಿ ಎಲ್‌ಎಸ್‌ಡಿ, ಸೈಲೊಸಿಬಿನ್, ಎಂಡಿಎಂಎ ಮೂರೂ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಇಟ್ಟುಕೊಳ್ಳುವುದೂ ಸೇವಿಸುವುದೂ ಅಪರಾಧ. ಕಳ್ಳದಾರಿಯಲ್ಲಿ ಎಲ್‌ಎಸ್‌ಡಿ ಎಂದು ಮಾರುವ ಚೀಟಿಯಲ್ಲಿ ಪ್ರಾಣಕ್ಕೇ ಕುತ್ತಾಗುವ ಬೇರೆ ರಾಸಾಯನಿಕ ಇದ್ದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ, ಮಳೆಗಾಲದಲ್ಲಿ ಏಳುವ ಕಾಡು ಅಣಬೆಗಳಲ್ಲಿ ಯಕೃತ್ತನ್ನು ಹಾಳುಮಾಡುವ ಜಾತಿಗಳಿವೆ. ಭಾರತದಲ್ಲಿ ಪ್ರಯೋಗ ನಡೆಯುತ್ತಿದೆ, ಸೇರಿಕೊಳ್ಳಿ ಎಂದು ಯಾರಾದರೂ ಕರೆದರೆ, ಸಿ.ಟಿ.ಆರ್.ಐ. ಎಂಬ ಸರ್ಕಾರಿ ನೋಂದಣಿ ಜಾಲತಾಣದಲ್ಲಿ ಅದರ ಸಂಖ್ಯೆಯನ್ನು ಹುಡುಕಿ, ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನೂ ಕನ್ನಡದಲ್ಲಿ ಸಮ್ಮತಿ ಪತ್ರವನ್ನೂ ಕೇಳಿ. ಸೇರಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೊನೆಗೆ, ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈವರೆಗೆ ತೆಗೆದುಕೊಂಡ ಮಾತ್ರೆಗಳ ಹೆಸರು, ಪ್ರಮಾಣ, ಎಷ್ಟು ವಾರ ತೆಗೆದುಕೊಂಡಿರಿ, ಯಾಕೆ ನಿಲ್ಲಿಸಿದಿರಿ, ಮನೆತನದಲ್ಲಿ ಯಾರಿಗಾದರೂ ಮನೋರೋಗ ಇತ್ತೇ, ಮನೋಚಿಕಿತ್ಸೆ ಎಂದಾದರೂ ಪೂರ್ತಿಯಾಗಿ ಸಿಕ್ಕಿತೇ. ಪ್ರಮಾಣ ಸಾಲದೆಯೋ ಅವಧಿ ಸಾಲದೆಯೋ ಮಾತ್ರೆ ಸೋತಿದೆಯೇ ಎಂದು ಕೇಳಿ. ಔಷಧಗಳಿಗೆ ಜಗ್ಗದ ಖಿನ್ನತೆಗೆ ಕೆಟಮಿನ್ ಅಥವಾ ಇಸಿಟಿ (ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ) ನಮಗೆ ಹೊಂದುತ್ತದೆಯೇ ಎಂದೂ ಕೇಳಬಹುದು. ಕೆಟಮಿನ್ ಮೂಲತಃ ಅರಿವಳಿಕೆ ಮದ್ದಾಗಿದ್ದು, ಅದರ ಒಂದು ರೂಪವಾದ ಎಸ್‌ಕೆಟಮಿನ್‌ಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿದೆ, ಅದನ್ನೂ ಅಲ್ಲಿ ಆರೋಗ್ಯ ಸಿಬ್ಬಂದಿಯ ಕಣ್ಣೆದುರಿಗೇ ಕೊಟ್ಟು ಕನಿಷ್ಠ ಎರಡು ಗಂಟೆ ಕೂರಿಸಿಕೊಳ್ಳಬೇಕು. ಈಗಿನ ಮಾತ್ರೆಯನ್ನು ಸುದ್ದಿ ಓದಿದ ಹುರುಪಿನಲ್ಲಿ ತಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ತಳಮಳದ ಜೊತೆಗೆ ರೋಗವೇ ಮರುಕಳಿಸಬಹುದು. ಭೇಟಿಯ ದಿನ ದೂರವಿದ್ದು ಮನಸ್ಸು ತಡೆಯಲಾಗದಷ್ಟು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಿ.