ನಿನ್ನೆ ಬಿದ್ದದ್ದು ನಿಜವಾಗಿ ಲೂಸಿಡ್ ಕನಸೇ? ಬೆಳಿಗ್ಗೆ ಪರೀಕ್ಷಿಸುವುದು ಹೀಗೆ

"ನಂಗೆ ನಿನ್ನೆ ಲೂಸಿಡ್ ಡ್ರೀಮ್ ಬಿತ್ತು. ಊರ ಮನೆ ಮೇಲೆ ಹಾರಾಡ್ತಾ ಇದ್ದೆ!" ಆಫೀಸಿನ ಕಾಫಿ ಹೊತ್ತಿನಲ್ಲಿ ಹೀಗೆ ಹೇಳುವವರು ಈಗ ಜಾಸ್ತಿಯಾಗಿದ್ದಾರೆ. ನಾನು ಕೇಳುವುದು ಒಂದೇ ಪ್ರಶ್ನೆ. ಹಾರುತ್ತಿದ್ದಾಗ ಇದು ಕನಸು ಅಂತ ಗೊತ್ತಿತ್ತಾ? "ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ಹೆಂಚಿನ ಮೇಲಿನ ಪಾಚಿ ಕೂಡ ಹಸಿರಾಗಿತ್ತು" ಅನ್ನುತ್ತಾರೆ. ನಾನು ಕೇಳಿದ್ದು ಪಾಚಿಯ ವಿಷಯ ಅಲ್ಲವಲ್ಲ.

ಕನಸು ನಡೆಯುತ್ತಿರುವಾಗಲೇ 'ನಾನೀಗ ಕನಸು ಕಾಣುತ್ತಿದ್ದೇನೆ' ಎಂದು ತಿಳಿದಿದ್ದರೆ ಅದು ಲೂಸಿಡ್ ಕನಸು. ಬೇರೆ ಷರತ್ತು ಇಲ್ಲ. ಬಣ್ಣ ಗಾಢವಾಗಿರಬೇಕಿಲ್ಲ, ಹಾರಬೇಕಿಲ್ಲ, ಸಿನಿಮಾ ನಟಿಯನ್ನು ಕರೆಸಿಕೊಳ್ಳಬೇಕಾಗಿಯೂ ಇಲ್ಲ. ಹೆಸರು ಚಾಲ್ತಿಗೆ ಬಂದದ್ದು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಏಡನ್ 1913ರಲ್ಲಿ ಬರೆದ ಲೇಖನದಿಂದ. ಇದೇನೂ ಅಪರೂಪದ ಸಿದ್ಧಿಯಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಮಾಡಿದ ಲೆಕ್ಕದಂತೆ, ಸುಮಾರು 55 ಶೇಕಡಾ ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ಹಾಗಾಗಿ ನಿಮಗೆ ಬಿದ್ದಿರಲೂಬಹುದು. ಅದನ್ನು ಗುರುತಿಸುವ ಕಡೆ ಮಾತ್ರ ಎಡವಟ್ಟಾಗುತ್ತದೆ.

1. ಎಚ್ಚರವಾದ ಕೂಡಲೇ ಏಳಬೇಡಿ

ಹೊರಳಬೇಡಿ, ಫೋನ್ ಮುಟ್ಟಬೇಡಿ, ಕನಸನ್ನು ಕೊನೆಯಿಂದ ಹಿಂದಕ್ಕೆ ಒಂದು ಸಲ ನೆನೆಸಿಕೊಳ್ಳಿ.

2. ಬರೆಯಿರಿ, ಹೆಸರು ಕೊಡಬೇಡಿ

ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಪೆನ್ನು ಬೇಡ. ಅಂಗಾತ ಮಲಗಿಕೊಂಡೇ ಪುಸ್ತಕ ಮೇಲೆತ್ತಿ ಬರೆದರೆ ಬಾಲ್‌ಪೆನ್ನಿನಲ್ಲಿ ಇಂಕು ಇಳಿಯುವುದಿಲ್ಲ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ ಅನ್ನುವವರಿದ್ದಾರೆ. ನನಗೆ ಅದು ಸೇರುವುದಿಲ್ಲ. ಫೋನ್ ತೆರೆದರೆ ವಾಟ್ಸಾಪ್ ಕಾಣುತ್ತದೆ, ವಾಟ್ಸಾಪ್ ಕಂಡರೆ ಕನಸು ಹೋಯಿತು.

ಬರೆಯುವಾಗ ನಡೆದದ್ದನ್ನಷ್ಟೇ ಬರೆಯಿರಿ. 'ಲೂಸಿಡ್' ಎಂಬ ಪದ ಮೊದಲ ಸಾಲಿಗೇ ಬಂದುಬಿಟ್ಟರೆ, ಉಳಿದ ಸಾಲುಗಳೆಲ್ಲ ಅದಕ್ಕೆ ಸಾಕ್ಷಿ ಹೇಳಲು ನಿಲ್ಲುತ್ತವೆ.

3. ಅದರಂತೆ ಕಾಣುವವನ್ನು ಬದಿಗಿಡಿ

ನಿದ್ದೆ ಹತ್ತುವ ಮುಂಚೆ ಕಣ್ಣೊಳಗೆ ತೇಲುವ ಮುಖ, ಗೆರೆ, ಬಣ್ಣ ಲೆಕ್ಕಕ್ಕಿಲ್ಲ. ಎಚ್ಚರವಿದೆ, ಕೋಣೆ ಕಾಣುತ್ತಿದೆ, ಕೈಕಾಲು ಅಲುಗಾಡುತ್ತಿಲ್ಲ, ಎದೆ ಮೇಲೆ ಯಾರೋ ಕೂತಂತಿದೆ ಎಂದರೆ ಅದು ನಿದ್ರಾ ಪಾರ್ಶ್ವವಾಯು. ಕಣ್ಣುಗುಡ್ಡೆ ಓಡಾಡುವ, ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿರುತ್ತವೆ. ಕೆಲವೊಮ್ಮೆ ಎಚ್ಚರವಾದ ಮೇಲೂ ಆ ಸ್ಥಿತಿ ಸ್ವಲ್ಪ ಹೊತ್ತು ಉಳಿಯುತ್ತದೆ. ಹೆದರಬೇಡಿ, ಆದರೆ ಇದನ್ನು ಲೂಸಿಡ್ ಲೆಕ್ಕಕ್ಕೆ ಸೇರಿಸಬೇಡಿ.

ಮೂರನೆಯದು ಸ್ವಲ್ಪ ಕಿಲಾಡಿ. ಕನಸಿನಲ್ಲೇ ಎದ್ದಿರಿ, ಹಲ್ಲುಜ್ಜಿದಿರಿ, ಅಡುಗೆಮನೆಗೆ ಬಂದು "ಅಬ್ಬಾ, ಎಂಥಾ ಕನಸು ಬಿತ್ತು ಗೊತ್ತಾ" ಎಂದು ಹೆಂಡತಿಗೋ ಅಮ್ಮನಿಗೋ ಹೇಳಿದಿರಿ. ಆಮೇಲೆ ನಿಜವಾಗಿ ಎಚ್ಚರವಾಯಿತು. ತುಂಬಾ ಜನ ಇದನ್ನು ಲೂಸಿಡ್ ಎನ್ನುತ್ತಾರೆ, ಯಾಕೆಂದರೆ 'ಕನಸಿನೊಳಗೆ ಕನಸು ಅಂತ ಗೊತ್ತಾಗಿತ್ತು'. ಯಾವ ಕನಸು? ಅದಕ್ಕೂ ಮುಂಚಿನದು. ಆಗ ನಿಂತಿದ್ದ ಅಡುಗೆಮನೆಯೂ ಕನಸು ಅಂತ ಗೊತ್ತಿರಲಿಲ್ಲ ತಾನೇ? ಹಾಗಾದರೆ ಹೊಡೆದುಹಾಕಿ.

4. ಗೊತ್ತಿತ್ತಾ, ಗೊತ್ತಿತ್ತು ಅನ್ನಿಸುತ್ತಿದೆಯಾ?

ಎಲ್ಲರೂ ಜಾರುವುದು ಇಲ್ಲಿ. ಕಾಫಿ ಇಟ್ಟುಕೊಂಡು ನಿಧಾನವಾಗಿ ಕೂತು ಮಾಡಿ.

ಮೊದಲು, ಬರೆದದ್ದರ ಮೇಲೆ ಬೆರಳಿಟ್ಟು ತೋರಿಸಿ. 'ಇದು ಕನಸು' ಎಂದು ಹೊಳೆದದ್ದು ಯಾವ ಸಾಲಿನಲ್ಲಿ? ನಾಯಿ ಬಂದ ಮೇಲಾ, ಸೇತುವೆ ದಾಟುವ ಮುಂಚೆಯಾ? "ಎಲ್ಲೋ ಒಳಗೊಳಗೇ ಗೊತ್ತಿತ್ತು ಅನ್ಸುತ್ತೆ" ಎಂಬುದನ್ನು ಹೌದು ಎಂದು ಬರೆದುಕೊಳ್ಳಬೇಡಿ. ಎಚ್ಚರವಾದ ಮೇಲೆ ನಮಗೆ ಅದು ಕನಸು ಎಂದು ಗೊತ್ತಿರುತ್ತದೆ. ಈ ತಿಳಿವಳಿಕೆ ಸದ್ದಿಲ್ಲದೆ ಹಿಂದಕ್ಕೆ ಹರಿದು, ಮೊದಲಿನಿಂದಲೂ ಗೊತ್ತಿದ್ದಂತೆ ಕಾಣತೊಡಗುತ್ತದೆ. ಹತ್ತು ನಿಮಿಷ ಬಿಟ್ಟು ಮನೆಯವರಿಗೆ ಹೇಳುವಾಗ ಅದು ಇನ್ನೂ ಗಟ್ಟಿಯಾಗಿರುತ್ತದೆ. ಅದಕ್ಕೇ ಹೇಳುವ ಮುಂಚೆ ಬರೆಯಿರಿ ಅಂದದ್ದು.

ಹೊಳೆದ ಮೇಲೆ ಕನಸು ಮುಂದುವರಿಯಿತಾ ನೋಡಿ. 'ಅರೆ, ಕನಸು!' ಎಂಬ ಯೋಚನೆಯೂ ಮೇಲಿನ ಫ್ಯಾನೂ ಒಟ್ಟಿಗೇ ಕಂಡರೆ ಅದು ಎಚ್ಚರವಾಗುತ್ತಿದ್ದ ಕ್ಷಣ. ಹೊಳೆದ ನಂತರ ನಾಲ್ಕು ಹೆಜ್ಜೆ ನಡೆದಿದ್ದರೂ, ಒಂದು ಬಾಗಿಲು ತೆಗೆದಿದ್ದರೂ ಸಾಕು, ನಾನು ಒಪ್ಪುತ್ತೇನೆ.

ಇನ್ನು, ವಿಚಿತ್ರ ಕಂಡಿತು ಎಂದರೆ ಸಾಕಾಗುವುದಿಲ್ಲ. ತೀರಿಹೋದ ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಾರೆ. 'ಅಜ್ಜಿ ಇಲ್ಲವಲ್ಲ' ಎಂದು ನಿಮಗೆ ಅನ್ನಿಸುತ್ತದೆ. ಮರುಕ್ಷಣ ಕನಸೇ ಒಂದು ಸಬೂಬು ಕೊಡುತ್ತದೆ: 'ಓ, ಆಸ್ಪತ್ರೆಯಿಂದ ವಾಪಸ್ ಬಂದಿದ್ದಾರೆ'. ನೀವು ರೊಟ್ಟಿಗೆ ತಟ್ಟೆ ಹಿಡಿಯುತ್ತೀರಿ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಕನಸಿನದೂ ಇದೇ ಕಥೆ. 'ನಂಗೆ ಡಿಗ್ರಿನೇ ಆಗಿದೆಯಲ್ಲಾ' ಎಂದು ನೆನಪಾಗುತ್ತದೆ, ಆದರೂ ಪೇಪರ್ ಮುಗಿಯಲಿಲ್ಲ ಎಂದು ಬೆವರುತ್ತೀರಿ. ಅನುಮಾನ ಬಾಗಿಲ ತನಕ ಬಂದು ವಾಪಸ್ ಹೋಗಿದೆ, ಅಷ್ಟೇ.

ಆಮೇಲೆ ಮಾತಿನ ಮೋಸ. ಕನಸಿನಲ್ಲಿ ನಾವು ಏನೇನೋ ಆಡುತ್ತೇವೆ. 'ಇದು ಕನಸು' ಎಂಬುದೂ ಬರೀ ಒಂದು ಡೈಲಾಗ್ ಆಗಿ ಬಂದುಹೋಗಬಹುದು. ಗೆಳೆಯನೊಬ್ಬ ಹೇಳಿದ: "ಇದು ಕನಸು ಕಣ್ರೋ ಅಂತ ಎಲ್ಲರಿಗೂ ಕೂಗಿ ಹೇಳಿದೆ." ಆಮೇಲೆ? "ಯಾರೂ ನಂಬ್ಲಿಲ್ಲ, ಬೇಜಾರಾಗಿ ಅತ್ತುಬಿಟ್ಟೆ." ಅವರನ್ನು ನಂಬಿಸಬೇಕು ಎಂದು ಅನ್ನಿಸಿದ್ದೇ ಅವನಿಗೆ ಅರ್ಥವಾಗಿರಲಿಲ್ಲ ಎಂಬುದಕ್ಕೆ ಗುರುತು. ಹಾಗಾಗಿ ಹೇಳಿದ್ದನ್ನು ಬಿಟ್ಟು, ಹೇಳಿದ ಮೇಲೆ ಮಾಡಿದ್ದನ್ನು ನೋಡಿ. ಕೊನೆ ಬಸ್ಸಿಗೆ ಓಡುತ್ತಲೇ ಇದ್ದಿರಾ? ಕಳೆದ ಪರ್ಸನ್ನು ಹುಡುಕುತ್ತಲೇ ಇದ್ದಿರಾ? ಒಂದು ವಿನಾಯಿತಿ ಇದೆ. ಭಯ, ನಾಚಿಕೆ ಮೈಯಲ್ಲಿ ಉಳಿಯಬಹುದು. ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ನಾಯಿ ಕಂಡು ಓಡಿದ್ದು ತಪ್ಪಲ್ಲ. ಯಾಕೆ ಓಡಿದೆ ಎಂದು ಕೇಳಿಕೊಳ್ಳಿ. 'ಕಚ್ಚಿದರೆ ಇಂಜೆಕ್ಷನ್ ಹಾಕಿಸಬೇಕಲ್ಲ' ಎಂದಾದರೆ ಗೊತ್ತಿರಲಿಲ್ಲ. 'ಕಚ್ಚಲ್ಲ ಅಂತ ಗೊತ್ತು, ಆದರೂ ಕಾಲು ನಿಲ್ಲಲಿಲ್ಲ' ಎಂದಾದರೆ ಗೊತ್ತಿತ್ತು.

ಕೊನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಆ ಹೊತ್ತಿನಲ್ಲಿ ನಿಮ್ಮ ಮೈ ಎಲ್ಲಿ ಮಲಗಿದೆ ಎಂದು ನೆನಪಿತ್ತಾ? ಯಾವ ಮನೆ, ಯಾವ ಕೋಣೆ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ವಾನ್ ಏಡನ್ ಕೂಡ ಇದನ್ನೇ ಹೇಳಿದ್ದರು: ಇಂಥ ಕನಸಿನಲ್ಲಿ ಮಲಗಿದವರಿಗೆ ಹಗಲಿನ ಬದುಕೂ ತಾವೀಗ ಇರುವ ಸ್ಥಿತಿಯೂ ನೆನಪಿರುತ್ತವೆ. ಎಲ್ಲವೂ ನೆನಪಿರಬೇಕು ಎಂದು ನಾನು ಹಟ ಮಾಡುವುದಿಲ್ಲ. ಏನೂ ಇರಲಿಲ್ಲ ಎಂದರೆ ಮಾತ್ರ ಅನುಮಾನದ ಗುರುತು ಹಾಕಿ.

ಮೂಗು ಮುಚ್ಚಿ ಉಸಿರೆಳೆಯುವುದು, ಬೆರಳೆಣಿಸುವುದು, ಬೋರ್ಡನ್ನು ಎರಡು ಸಲ ಓದುವುದು ಇತ್ಯಾದಿ, ಇದು ಕನಸೋ ಎಚ್ಚರವೋ ಎಂದು ತಿಳಿಯಲು ಮಾಡುವ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. ಹಗಲಿನಲ್ಲಿ ಅಭ್ಯಾಸ ಮಾಡಿದರೆ ಇವು ಕನಸಿಗೂ ಬರುತ್ತವೆ. ಆದರೆ ಕನಸಿನಲ್ಲಿ ಆರು ಬೆರಳೆಣಿಸಿ 'ಸರಿ, ನಮ್ಮ ಕಡೆಯವರಿಗೆಲ್ಲ ಆರೇ' ಎಂದು ಮುಂದೆ ಹೋದವರಿದ್ದಾರೆ. ಬೆರಳೆಣಿಸಿದ್ದಕ್ಕೆ ಅಂಕ ಇಲ್ಲ, ಎಣಿಸಿ ಏನು ತೀರ್ಮಾನಕ್ಕೆ ಬಂದಿರಿ ಎಂಬುದಕ್ಕೆ ಇದೆ.

5. ಹಿಡಿತ ಇತ್ತೋ ಇಲ್ಲವೋ, ಚಿಂತೆ ಬೇಡ

ಬೇಕಾದಂತೆ ನಡೆಸಿದೆ ಎಂಬುದು ಲೂಸಿಡ್ ಎನ್ನಲು ಸಾಲದು. ಏನೂ ಗೊತ್ತಿಲ್ಲದೆಯೂ ಕನಸಿನಲ್ಲಿ ರಾಜನಾಗಿ ಮೆರೆಯಬಹುದು. ಎಲ್ಲ ಗೊತ್ತಿದ್ದೂ ಬಾಗಿಲು ತೆಗೆಯಲಾಗದೆ ನಿಲ್ಲಬಹುದು. ಜರ್ಮನಿಯ ಸಂಶೋಧಕಿ ಉರ್ಸುಲಾ ಫಾಸ್ ಮತ್ತು ಸಂಗಡಿಗರು ಲೂಸಿಡ್ ಕನಸನ್ನು ಅಳೆಯಲು 2013ರಲ್ಲಿ ಪ್ರಕಟಿಸಿದ 28 ಪ್ರಶ್ನೆಗಳ ಅಳತೆಪಟ್ಟಿಯಲ್ಲಿ ಹಿಡಿತ ಎಂಟು ಅಂಶಗಳಲ್ಲಿ ಒಂದು ಮಾತ್ರ. ಇದು ಕನಸು ಎಂಬ ಅರಿವಿಗೆ ಅಲ್ಲಿ ಬೇರೆಯೇ ಜಾಗವಿದೆ.

6. ಮುಂದಿನ ಸಲಕ್ಕೆ ಸಾಕ್ಷಿ ಸಿದ್ಧ ಮಾಡಿ

ಇದು ಪ್ರಯೋಗಾಲಯದವರಿಂದ ಕಲಿಯಬೇಕಾದ ಉಪಾಯ. 'ನನಗೆ ಗೊತ್ತಿತ್ತು' ಎಂಬ ಬರೀ ಮಾತನ್ನು ಅವರೂ ನಂಬಲಿಲ್ಲ. ರೆಮ್ ನಿದ್ದೆಯಲ್ಲಿ ಮೈ ಸಡಿಲವಾಗಿದ್ದರೂ ಕಣ್ಣಿನ ಸ್ನಾಯುಗಳು ಕೆಲಸ ಮಾಡುತ್ತಿರುತ್ತವೆ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಅಲನ್ ವೋರ್ಸ್ಲಿ, ಮೊದಲೇ ಮಾತಾಡಿಕೊಂಡಂತೆ, ಕನಸಿನಲ್ಲಿದ್ದಾಗ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು. ಕಣ್ಣಿನ ಓಡಾಟ ದಾಖಲಿಸುವ, ಸಂಶೋಧಕ ಕೀತ್ ಹರ್ನ್ ಅವರ ಯಂತ್ರದಲ್ಲಿ ಅದರ ಗೆರೆ ಮೂಡಿತು. ಸ್ಟ್ಯಾನ್‌ಫರ್ಡಿನ ಸ್ಟೀಫನ್ ಲಬರ್ಜ್ ತಾವಾಗಿಯೇ ಇದೇ ದಾರಿ ಹಿಡಿದು 1981ರಲ್ಲಿ ಫಲಿತಾಂಶ ಪ್ರಕಟಿಸಿದರು. 2021ರಲ್ಲಿ ನಾಲ್ಕು ದೇಶಗಳ ತಂಡಗಳು ಇನ್ನೂ ಮುಂದೆ ಹೋದವು. ನಿದ್ದೆಯಲ್ಲಿದ್ದವರಿಗೆ ಎಂಟರಿಂದ ಆರು ಕಳೆದರೆ ಎಷ್ಟು ಎಂಬಂಥ ಪ್ರಶ್ನೆ ಕೇಳಿ, ಕೆಲವರಿಂದ ಕಣ್ಣಿನ ಸನ್ನೆಯಲ್ಲೇ ಸರಿಯುತ್ತರ ಪಡೆದವು. ಅವರಲ್ಲಿ ಕೆಲವರಿಗೆ ಎದ್ದ ಮೇಲೆ ಪ್ರಶ್ನೆಯೇ ಸರಿಯಾಗಿ ನೆನಪಿರಲಿಲ್ಲ! ಅಂದರೆ ಬೆಳಗಿನ ನೆನಪು ಇಲ್ಲದ್ದನ್ನು ಸೇರಿಸುವುದೂ ಉಂಟು, ಇದ್ದದ್ದನ್ನು ಕಳೆಯುವುದೂ ಉಂಟು.

ಮನೆಯಲ್ಲಿ ಯಂತ್ರ ಇಲ್ಲ. ಆದರೆ ಕೆಲಸ ಮೊದಲೇ ಗೊತ್ತುಮಾಡಿಕೊಳ್ಳಬಹುದು. ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಒಂದು ಸಣ್ಣ, ಅಸಂಬದ್ಧ ಕೆಲಸ ಬರೆಯಿರಿ: ಎರಡು ಸಲ ಎಡ-ಬಲ ನೋಡುವುದು, ನೆಲದಲ್ಲಿ ಕೂತು ಎಡಗಾಲಿನ ಬೆರಳು ಮುಟ್ಟುವುದು, ಹೀಗೆ. ಕನಸಿನಲ್ಲಿ ಅದು ನೆನಪಾಗಿ, ಬೇಕೆಂದೇ ಮಾಡಿದ್ದರೆ ಸಾಕ್ಷಿ ಗಟ್ಟಿ. ಮಾಡಿದ್ದು ಯಾಕೆ ಎಂದು ಆಗ ಗೊತ್ತಿತ್ತಾ ಎಂಬುದನ್ನು ಮಾತ್ರ ಕೇಳಿಕೊಳ್ಳಿ. ಹಗಲು ಕಂಡದ್ದು ಸುಮ್ನೆ ಕನಸಿಗೆ ಬರುವ ಹಾಗೆ ಈ ಕೆಲಸವೂ ಬಂದಿರಬಹುದು. ವಾರಕ್ಕೊಮ್ಮೆ ಕೆಲಸ ಬದಲಿಸಿ.

ಈ ಶ್ರಮ ತಪ್ಪಿಸುತ್ತೇವೆ ಎಂದು ಮಾರುವ ಸರಕಿಗೆ ದುಡ್ಡು ಹಾಕಬೇಡಿ. ದಿಂಬಿನ ಪಕ್ಕದ ಫೋನಾಗಲಿ, ಕೈಗೆ ಕಟ್ಟಿದ ವಾಚಾಗಲಿ ಮೈಯ ಅಲುಗಾಟ, ನಾಡಿಬಡಿತ ನೋಡಿ ನಿದ್ದೆಯ ಹಂತವನ್ನು ಅಂದಾಜು ಮಾಡಬಲ್ಲದು. ಕನಸಿನಲ್ಲಿ ನಿಮಗೆ ಏನು ಗೊತ್ತಿತ್ತು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಕಣ್ಣಿಗೆ ಬೆಳಕು ಮಿಣುಕಿಸುವ ಪಟ್ಟಿಗಳು ಕೆಲವರಿಗೆ ನೆರವಾಗುತ್ತವೆ, ಇನ್ನು ಕೆಲವರ ಕನಸಿನಲ್ಲಿ ಆ ಬೆಳಕು ಮದುವೆಮನೆಯ ಸೀರಿಯಲ್ ಸೆಟ್ ಆಗಿ ಮುಗಿದುಹೋಗುತ್ತದೆ. ಗ್ಯಾಲಂಟಮೈನ್ ಇರುವ ಕ್ಯಾಪ್ಸೂಲ್‌ಗಳಂತೂ ಬೇಡವೇ ಬೇಡ. ಅದು ಆಲ್‌ಝೈಮರ್ಸ್ ರೋಗಿಗಳಿಗೆ ವೈದ್ಯರು ಬರೆದುಕೊಡುವ ಔಷಧಿ.

7. ಗುರುತು ಹಾಕಿ

ಪುಟದ ಅಂಚಿನಲ್ಲಿ 'ಗೊತ್ತಿತ್ತು', 'ಗೊತ್ತಿರಲಿಲ್ಲ', 'ಅನುಮಾನ' ಈ ಮೂರರಲ್ಲಿ ಒಂದನ್ನು ಬರೆಯಿರಿ. ಸಂಜೆ ಹೊತ್ತಿಗೆ ಅನುಮಾನವನ್ನು ಗೊತ್ತಿತ್ತು ಎಂದು ತಿದ್ದುವ ಆಸೆ ಬರುತ್ತದೆ, ತಿದ್ದಬೇಡಿ. ಪೆನ್ಸಿಲ್ ಹೇಳಿದ್ದು ಅದಕ್ಕಲ್ಲ.

ಇನ್ನೊಂದು ವಿಷಯ. ಇಂಥ ಕನಸಿಗಾಗಿ ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವ ರೂಢಿ ಇದೆ. ದೀರ್ಘ ರೆಮ್ ನಿದ್ದೆ ಬರುವುದು ರಾತ್ರಿಯ ಕೊನೆಯ ಭಾಗದಲ್ಲೇ ಆದ್ದರಿಂದ ಅದರಲ್ಲಿ ಅರ್ಥವೂ ಇದೆ. ಆದರೆ ಬೆಳಿಗ್ಗೆ ಗಾಡಿ ಓಡಿಸುವವರು ವಾರದ ದಿನ ಇದನ್ನು ಮಾಡಬೇಡಿ. ಕನಸು ಯಾವುದು, ನಡೆದದ್ದು ಯಾವುದು ಎಂದು ಹಗಲಿನಲ್ಲೂ ಗೊಂದಲವಾಗುವವರು, ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೆ ಕೈಹಾಕುವುದು ಬೇಡ.